ಹೊದಿಕೆ ಸರಿಸಿ ನೋಡಿ, ಅವತ್ತೇ ಬರೆದಿಡಿ

ವೃದ್ಧರ ಆರೈಕೆ ಕೇಂದ್ರದಲ್ಲಿ ತಮ್ಮವರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೇನೋ ಎಂಬ ಅನುಮಾನದಿಂದ ಬರೆದ ಮೂವರಿಗೆ, ಇಂಥ ಕೇಸುಗಳನ್ನು ನಡೆಸುವ ವಕೀಲರ ಉತ್ತರ.

ಪ್ರಶ್ನೆ: ಅಮ್ಮನಿಗೆ 81 ವರ್ಷ. ಪಾರ್ಶ್ವವಾಯು ಆದ ಮೇಲೆ ಒಂದು ವರ್ಷದಿಂದ ಆರೈಕೆ ಕೇಂದ್ರದಲ್ಲಿದ್ದಾರೆ. ಕಳೆದ ವಾರ ಅವರ ಬಟ್ಟೆ ಬದಲಿಸಲು ನಾನೇ ಹೋದಾಗ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು ಕಂಡಿತು. ಕೇಳಿದರೆ ‘ಈ ವಯಸ್ಸಲ್ಲಿ ಇದೆಲ್ಲ ಸಾಮಾನ್ಯ’ ಅಂದರು. ತೂಕವೂ ಇಳಿದಿದೆ. ದೂರು ಕೊಟ್ಟರೆ ಆ ಸಿಟ್ಟನ್ನು ಅಮ್ಮನ ಮೇಲೆ ತೀರಿಸಿಕೊಳ್ಳುತ್ತಾರೇನೋ ಅಂತ ಭಯ. ಇದು ನಿರ್ಲಕ್ಷ್ಯವೇ? ಏನು ಮಾಡಲಿ?

ಉತ್ತರ: ಮೊದಲು ಹುಣ್ಣು, ಆಮೇಲೆ ಕಾನೂನು. ಆ ಕೇಂದ್ರಕ್ಕೆ ಸಂಬಂಧವಿಲ್ಲದ ಒಬ್ಬ ವೈದ್ಯರಿಗೆ ಇವತ್ತೇ ಅಮ್ಮನನ್ನು ತೋರಿಸಿ. ಹುಣ್ಣು ವಾಸನೆ ಬರುತ್ತಿದ್ದರೆ, ಜ್ವರ ಇದ್ದರೆ, ಅಥವಾ ಅವರು ಮಂಕಾಗಿದ್ದರೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಂಕು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಹುಣ್ಣಿನ ಉದ್ದ, ಅಗಲ, ಆಳ, ಯಾವ ಹಂತ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಮುಂದೆ ನಿಮ್ಮ ಕೈಯಲ್ಲಿರುವ ಮೊದಲ ಸಾಕ್ಷಿ ಅದೇ.

‘ವಯಸ್ಸಿಗೆ ಸಾಮಾನ್ಯ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಬೆಡ್‌ಸೋರ್, ಅಂದರೆ ಮಲಗಿದ್ದಲ್ಲೇ ಮಲಗಿದವರಿಗೆ ಬರುವ ಇಂಥ ಹುಣ್ಣು, ಆಗುವುದು ಒತ್ತಡದಿಂದ. ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಗಂಟೆಗಟ್ಟಲೆ ಸಿಕ್ಕಿಕೊಂಡರೆ ಅಲ್ಲಿಗೆ ರಕ್ತ ಹರಿಯುವುದಿಲ್ಲ, ಚರ್ಮ ಸತ್ತುಹೋಗುತ್ತದೆ. ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ತಲೆಯ ಹಿಂಭಾಗ, ಇವೆಲ್ಲ ಹುಣ್ಣಾಗುವ ಜಾಗಗಳು. ಅದಕ್ಕೇ ತಾವಾಗಿ ಹೊರಳಲಾಗದವರಿಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದು ನರ್ಸಿಂಗ್‌ನ ಹಳೆಯ ಪಾಠ.

ಈ ಹುಣ್ಣಿಗೆ 4 ಹಂತ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ, ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಮಾತ್ರ ಇರುತ್ತದೆ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಆ ಕೆಂಪು ಕಾಣುವುದಿಲ್ಲ. ಅಲ್ಲಿ ಸುತ್ತಲಿಗಿಂತ ಕಪ್ಪಾದ ಅಥವಾ ನೇರಳೆ ಬಣ್ಣದ ಕಲೆ ಇದೆಯಾ, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಅನಿಸುತ್ತದಾ ಅಂತ ನೋಡಬೇಕು. ಎರಡನೆಯದರಲ್ಲಿ ಚರ್ಮ ಕಿತ್ತುಬರುತ್ತದೆ, ಮೂರನೆಯದರಲ್ಲಿ ಒಳಗಿನ ಕೊಬ್ಬು ಕಾಣುತ್ತದೆ, ನಾಲ್ಕನೆಯದರಲ್ಲಿ ಸ್ನಾಯು, ಮೂಳೆ. ಮೈ ಒರೆಸಿ ಬಟ್ಟೆ ಬದಲಿಸುವವರಿಗೆ ಮೊದಲ ಹಂತದಲ್ಲೇ ಇದು ಕಾಣಬೇಕಿತ್ತು, ಅಲ್ವಾ? ಅಂಗೈಯಗಲ ಆಗುವ ತನಕ ನಿಮಗೆ ಯಾರೂ ಹೇಳಿಲ್ಲ ಅಂದರೆ ಒಂದೋ ಅವರು ನೋಡಿಲ್ಲ, ಇಲ್ಲವೇ ನೋಡಿಯೂ ಮುಚ್ಚಿಟ್ಟಿದ್ದಾರೆ.

ಹಾಗಂತ ಹುಣ್ಣು ಇದೆ ಅಂದ ಮಾತ್ರಕ್ಕೆ ಕೇಸು ಗೆದ್ದ ಹಾಗಲ್ಲ. ಕೊನೆಯ ದಿನಗಳಲ್ಲಿರುವವರಿಗೆ ಎಷ್ಟು ಚೆನ್ನಾಗಿ ನೋಡಿಕೊಂಡರೂ ಒಮ್ಮೊಮ್ಮೆ ಹುಣ್ಣಾಗುತ್ತದೆ. ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತಾ, ಗೊತ್ತಿದ್ದು ಏನು ಮಾಡಿದರು, ಮಾಡಿದ್ದನ್ನು ಎಲ್ಲಿ ಬರೆದಿದ್ದಾರೆ, ಪ್ರಶ್ನೆ ಇರುವುದು ಇಲ್ಲಿ. ಅಪಾಯ ಅಳೆಯಲು ಬ್ರೇಡನ್ ಸ್ಕೇಲ್ ಅಂತ ಒಂದಿದೆ. 6ರಿಂದ 23ರವರೆಗೆ ಅಂಕ, ಕಡಿಮೆ ಇದ್ದಷ್ಟೂ ಅಪಾಯ ಜಾಸ್ತಿ. ಅಮ್ಮ ಸೇರಿದಾಗ ಇಂಥದ್ದೇನಾದರೂ ಅಳೆದಿದ್ದರಾ ಕೇಳಿ. ಮಗ್ಗುಲು ಬದಲಿಸಿದ ಚಾರ್ಟ್ ಕೂಡ ಕೇಳಿ.

ಆ ಚಾರ್ಟನ್ನು ನಿಧಾನವಾಗಿ ನೋಡಿ. ಒಮ್ಮೆ ಒಬ್ಬ ಮಗಳು ನನಗೆ ಒಂದು ಫೋಟೊ ತೋರಿಸಿದ್ದರು. ಮೊಬೈಲಲ್ಲಿ ತೆಗೆದ ಹೊತ್ತು ಮಧ್ಯಾಹ್ನ 3 ಗಂಟೆ ದಾಟಿ ಹತ್ತು ನಿಮಿಷ. ಚಾರ್ಟ್‌ನಲ್ಲಿ 4 ಗಂಟೆ, 6 ಗಂಟೆ, 8 ಗಂಟೆಯ ಮನೆಗಳಿಗೂ ಆಗಲೇ ಟಿಕ್ ಬಿದ್ದಿತ್ತು. ಒಂದೇ ಪೆನ್ನು, ಒಂದೇ ಕೈ. ಎದುರು ಪಕ್ಷದವರಿಗೆ ಆ ಫೋಟೊಗೆ ಉತ್ತರ ಕೊಡಲಾಗಲಿಲ್ಲ.

ಇನ್ನು ತೂಕ. ಒಂದು ತಿಂಗಳಲ್ಲಿ ಶೇ. 5, ಅಥವಾ 6 ತಿಂಗಳಲ್ಲಿ ಶೇ. 10 ಇಳಿದರೆ ಅದನ್ನು ಗಂಭೀರ ಎಂದೇ ಪರಿಗಣಿಸುತ್ತಾರೆ. 60 ಕೆ.ಜಿ. ಇದ್ದವರು ತಿಂಗಳಲ್ಲಿ 57 ಆದರೆ ಕಾರಣ ಹುಡುಕಲೇಬೇಕು. ಊಟದ ಹೊತ್ತಿಗೆ ಹೋಗಿ ಸುಮ್ನೆ ಕೂತು ನೋಡಿ. ತಟ್ಟೆ ಇಟ್ಟವರು ತಿನ್ನಿಸುತ್ತಾರಾ, ಅಥವಾ ಅರ್ಧ ಗಂಟೆ ಬಿಟ್ಟು ಹಾಗೇ ಎತ್ತಿಕೊಂಡು ಹೋಗುತ್ತಾರಾ? ಪಾರ್ಶ್ವವಾಯು ಆದವರಿಗೆ ನುಂಗಲು ಕಷ್ಟವಾಗಬಹುದು, ಅದನ್ನು ಪರೀಕ್ಷಿಸಿದ್ದಾರಾ? ನೀರಿನ ಲೋಟ ಎಲ್ಲಿಟ್ಟಿದ್ದಾರೆ ಅಂತಲೂ ನೋಡಿ. ಅಮ್ಮನ ಯಾವ ಕೈ ಆಡುವುದಿಲ್ಲವೋ ಆ ಕಡೆಗೇ ಇಟ್ಟಿದ್ದರೆ ಆ ಲೋಟ ಇದ್ದೂ ಇಲ್ಲದ ಹಾಗೆ.

ಕಂಡದ್ದನ್ನೆಲ್ಲ ಅವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ದಿನಾಂಕ, ಹೊತ್ತು, ಯಾರು ಡ್ಯೂಟಿಯಲ್ಲಿದ್ದರು, ಏನು ಹೇಳಿದರು. ಹುಣ್ಣಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಆದರೆ ಮೊದಲು ಅಮ್ಮನನ್ನು ಕೇಳಿ. ಅದು ಅವರ ಮೈ, ಅವರ ಮರ್ಯಾದೆ.

ನಿಮ್ಮ ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಂಥ ಕೇಂದ್ರಗಳ ಸಿಬ್ಬಂದಿಯಲ್ಲಿ 3ರಲ್ಲಿ 2 ಮಂದಿ, ಹಿಂದಿನ ಒಂದು ವರ್ಷದಲ್ಲಿ ಹಿರಿಯರೊಂದಿಗೆ ತಪ್ಪಾಗಿ ನಡೆದುಕೊಂಡಿದ್ದೇವೆ ಎಂದು ತಾವೇ ಒಪ್ಪಿಕೊಂಡಿದ್ದಾರೆ. ಆದರೆ ನನ್ನ ಅನುಭವದಲ್ಲಿ ಅಪಾಯ ತರುವುದು ಬಾಯಿಮಾತಿನ ಜಗಳ. ಬರವಣಿಗೆಯ ದೂರು ರಕ್ಷಣೆ ಕೊಡುತ್ತದೆ. ಆಯಾ ಮೇಲೆ ಕೂಗಾಡಬೇಡಿ. ಎಷ್ಟೋ ಸಲ ಅವರೊಬ್ಬರ ತಲೆಗೇ ಇಡೀ ವಾರ್ಡು ಕಟ್ಟಿರುತ್ತಾರೆ, ಜನ ಕಡಿಮೆ ಇಟ್ಟ ತಪ್ಪು ಆಡಳಿತದ್ದು. ಮೇಲ್ವಿಚಾರಕರಿಗೆ ಸಭ್ಯವಾಗಿ ಪತ್ರ ಬರೆದು, ತಲುಪಿದೆ ಎಂದು ಸಹಿ ಹಾಕಿಸಿಕೊಳ್ಳಿ. ಆಮೇಲೆ ಬೇರೆ ಬೇರೆ ಹೊತ್ತಿಗೆ, ರಜಾದಿನಗಳಲ್ಲೂ, ಹೇಳದೇ ಭೇಟಿ ಕೊಡಿ. ಅಮ್ಮ ಅಲ್ಲಿ ಸುರಕ್ಷಿತವಾಗಿಲ್ಲ ಅನಿಸಿದರೆ ಬೇರೆ ಕಡೆಗೆ ಕರೆದೊಯ್ಯಿರಿ. ಹೊರಗೆ ಬಂದರೆ ಕೇಸು ಹಾಕುವ ಹಕ್ಕು ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ವಕೀಲರ ಬಳಿ ಹೋಗಲು ಎಲ್ಲ ಸಾಕ್ಷಿ ಕೈಗೆ ಸಿಗುವವರೆಗೆ ಕಾಯಬೇಕಿಲ್ಲ. ದಾಖಲೆ, ಸಿಸಿಟಿವಿ ದೃಶ್ಯ ಯಾವುದನ್ನೂ ಅಳಿಸಬಾರದು ಎಂದು ಮೊದಲೇ ನೋಟಿಸ್ ಕೊಡಬಹುದು. ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುವುದರಿಂದ ಇದು ಬೇಗ ಆಗಬೇಕು. ಪರಿಹಾರದ ಕೇಸಿನಲ್ಲಿ ನಾಲ್ಕು ವಿಷಯ ತೋರಿಸಬೇಕಾಗುತ್ತದೆ: ನೋಡಿಕೊಳ್ಳುವ ಹೊಣೆ ಅವರದಾಗಿತ್ತು, ಅದರಲ್ಲಿ ತಪ್ಪಿದರು, ಅಮ್ಮನಿಗೆ ಹಾನಿಯಾಯಿತು, ಆ ಹಾನಿ ಆ ತಪ್ಪಿನಿಂದಲೇ ಆಯಿತು. ನಾಲ್ಕನೆಯದೇ ಕಷ್ಟ. ಅದಕ್ಕೆ ಸಾಮಾನ್ಯವಾಗಿ ತಜ್ಞ ವೈದ್ಯರ ಅಭಿಪ್ರಾಯ ಬೇಕು. ಪರವಾನಗಿ ಕೊಟ್ಟ ಇಲಾಖೆಗೆ ದೂರು ಕೊಡುವುದು ಬೇರೆ ದಾರಿ. ಹೊಡೆತ, ಕಟ್ಟಿಹಾಕುವುದು, ಹಣ ಕದಿಯುವುದು ಕಂಡರೆ ಪೊಲೀಸರ ಬಳಿ ಹೋಗುವುದು ಇನ್ನೊಂದು ದಾರಿ.

ಪ್ರಶ್ನೆ: ನಾನಿರುವುದು ದೂರದಲ್ಲಿ. ಅಪ್ಪನಿಗೆ ಮರೆವಿನ ಕಾಯಿಲೆ. ವಿಡಿಯೊ ಕಾಲ್ ಮಾಡಿದಾಗಲೆಲ್ಲ ತೂಕಡಿಸುತ್ತಿರುತ್ತಾರೆ. ‘ಈಗ ಶಾಂತವಾಗಿದ್ದಾರೆ’ ಅನ್ನುತ್ತಾರೆ ಕೇಂದ್ರದವರು. ನಂಬಬಹುದಾ?

ಉತ್ತರ: ಅಪ್ಪನಿಗೆ ಕೊಡುತ್ತಿರುವ ಮಾತ್ರೆಗಳ ಪಟ್ಟಿ ಕೇಳಿ. ಪ್ರತಿಯೊಂದನ್ನೂ ಯಾವಾಗ ಶುರು ಮಾಡಿದರು, ಯಾವ ವೈದ್ಯರು ಬರೆದರು, ಏತಕ್ಕೆ ಎಂದು ಬರವಣಿಗೆಯಲ್ಲಿ ಕೊಡಲಿ. ರಾತ್ರಿ ಎದ್ದು ಓಡಾಡುತ್ತಾರೆ, ಕೂಗುತ್ತಾರೆ ಅಂತ ಮಾನಸಿಕ ಕಾಯಿಲೆಯ ಮಾತ್ರೆ ಕೊಟ್ಟು ಮಲಗಿಸುವುದುಂಟು. ಮರೆವಿನ ಕಾಯಿಲೆ ಇರುವ ಹಿರಿಯರಲ್ಲಿ ಈ ಜಾತಿಯ ಮಾತ್ರೆಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೊಡಲೇಬಾರದು ಅಂತಲ್ಲ. ಆದರೆ ಕುಟುಂಬಕ್ಕೆ ತಿಳಿಸದೆ, ಸಿಬ್ಬಂದಿಯ ಅನುಕೂಲಕ್ಕೆ ಕೊಡುವ ಹಾಗಿಲ್ಲ. ವೈದ್ಯರನ್ನು ಕೇಳದೆ ನೀವಾಗಿ ನಿಲ್ಲಿಸಲೂ ಹೋಗಬೇಡಿ, ಹೊರಗಿನ ವೈದ್ಯರಿಂದ ಪಟ್ಟಿಯ ಪರಿಶೀಲನೆ ಮಾಡಿಸಿ.

ಒಂದೆರಡು ದಿನದಲ್ಲೇ ಮಂಕಾದರೆ, ಮಾತು ತಡವರಿಸಿದರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು, ಬಿದ್ದ ಪೆಟ್ಟು, ಇವೆಲ್ಲ ಹಾಗೆಯೇ ಶುರುವಾಗುತ್ತವೆ. ಕಾಲ್ ಮಾಡುವ ಹೊತ್ತು ಬದಲಿಸಿ. ಅಪ್ಪನ ಕೈಕಾಲು, ಉಗುರು, ತುಟಿ, ಕೋಣೆ ತೋರಿಸಲು ಹೇಳಿ. ಹತ್ತಿರದ ನೆಂಟರೋ ಸ್ನೇಹಿತರೋ ವಾರಕ್ಕೊಮ್ಮೆ ಹೋಗಿ ಬರುವ ಏರ್ಪಾಡು ಮಾಡಿ. ಯಾರೋ ಬರುತ್ತಾರೆ ಅಂತ ಗೊತ್ತಿರುವ ಹಾಸಿಗೆಯ ಕಡೆ ಸಿಬ್ಬಂದಿಯ ಗಮನ ಬೇರೆಯೇ ಇರುತ್ತದೆ.

ಪ್ರಶ್ನೆ: ಅಪ್ಪ ಕೇಂದ್ರದಲ್ಲಿ ಬಿದ್ದು, ಎರಡು ವಾರದ ಬಳಿಕ ತೀರಿಕೊಂಡರು. ಆಗಿ 5 ತಿಂಗಳಾಯಿತು. ಸೇರಿಸುವಾಗ ‘ಯಾವುದಕ್ಕೂ ಸಂಸ್ಥೆ ಹೊಣೆಯಲ್ಲ’ ಎಂಬ ಕಾಗದಕ್ಕೆ ಅಣ್ಣ ಸಹಿ ಹಾಕಿದ್ದ. ಈಗ ಸ್ವಲ್ಪ ಹಣ ಕೊಟ್ಟು ಮುಗಿಸೋಣ ಅನ್ನುತ್ತಿದ್ದಾರೆ.

ಉತ್ತರ: ಯಾವುದಕ್ಕೂ ಸಹಿ ಹಾಕಬೇಡಿ. ಹಣ ತೆಗೆದುಕೊಂಡು ಸಹಿ ಹಾಕಿದರೆ ಮುಂದೆ ಏನೂ ಕೇಳುವ ಹಾಗಿಲ್ಲ, ಯಾರಿಗೂ ಹೇಳುವ ಹಾಗಿಲ್ಲ ಎಂಬ ಸಾಲುಗಳು ಅದರಲ್ಲಿ ಇರುತ್ತವೆ. ಅಣ್ಣ ಸಹಿ ಹಾಕಿದ ಕಾಗದ ನೋಡಿ ಎದೆಗುಂದಬೇಡಿ. ಅಂಥ ಸಾಲು ಎಷ್ಟೋ ಕಡೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅಪ್ಪನ ಪರವಾಗಿ ಸಹಿ ಹಾಕಲು ಅಣ್ಣನಿಗೆ ಅಧಿಕಾರ ಇತ್ತಾ ಎಂಬುದೇ ಮೊದಲ ಪ್ರಶ್ನೆ. ಅವರನ್ನು ದೂರಬೇಡಿ, ಆ ಗಡಿಬಿಡಿಯಲ್ಲಿ ಯಾರಾದರೂ ಸಹಿ ಹಾಕುತ್ತಾರೆ.

ನಿಮಗೆ ತುರ್ತಾಗಿರುವುದು ಕಾಲಮಿತಿ. ಕೇಸು ಹಾಕಲು ಕಾನೂನು ಇಂತಿಷ್ಟೇ ಸಮಯ ಕೊಡುತ್ತದೆ, ಅದು ಒಂದೊಂದು ಕಡೆ ಒಂದೊಂದು ಥರ. ಆದ್ದರಿಂದ ಈ ವಾರವೇ ವಕೀಲರನ್ನು ಕಂಡು ‘ನಮಗೆ ಎಲ್ಲಿಯವರೆಗೆ ಸಮಯ ಇದೆ’ ಎಂದು ಮೊದಲು ಕೇಳಿ. ಇಂಥ ಕೇಸು ನಡೆಸಿದ್ದಾರಾ, ತಜ್ಞ ವೈದ್ಯರನ್ನು ಯಾರು ಹುಡುಕುತ್ತಾರೆ, ಸೋತರೆ ಖರ್ಚು ಯಾರದು ಎಂಬುದನ್ನೂ ಕೇಳಿ, ಶುಲ್ಕವನ್ನು ಬರವಣಿಗೆಯಲ್ಲಿ ಪಡೆಯಿರಿ. ಹೋಗುವಾಗ ಮರಣ ಪ್ರಮಾಣಪತ್ರ, ಆಸ್ಪತ್ರೆಯ ಕಾಗದಗಳು, ಸೇರಿಸುವಾಗಿನ ಒಪ್ಪಂದ, ಕಟ್ಟಿದ ಬಿಲ್ಲು, ಕೇಂದ್ರದವರ ಜೊತೆಗಿನ ವಾಟ್ಸ್ಆ್ಯಪ್ ಮೆಸೇಜು ಎಲ್ಲ ಒಯ್ಯಿರಿ. ಅಪ್ಪ ಬಿದ್ದ ದಿನದಿಂದ ತೀರಿಕೊಂಡ ದಿನದವರೆಗೆ ಏನೇನಾಯಿತು ಅಂತ ದಿನದ ಪ್ರಕಾರ ಎರಡು ಪುಟ ಬರೆದುಕೊಳ್ಳಿ. ಅಣ್ಣನಿಂದ ಬೇರೆಯಾಗಿ ಬರೆಸಿ. ಇಬ್ಬರ ಪುಟ ಪಕ್ಕಪಕ್ಕ ಇಟ್ಟರೆ, ಒಬ್ಬರು ಮರೆತದ್ದು ಇನ್ನೊಬ್ಬರ ಪುಟದಲ್ಲಿ ಸಿಗುತ್ತದೆ.