ಮೀಟಿಂಗ್ ಮುಗೀತು, ಹೊಸ ಫಾರ್ಮ್ ಬಂತು

ಪ್ರಶ್ನೆ: ನಾನು ಸೈಕಿಯಾಟ್ರಿ ವಾರ್ಡಿನಲ್ಲಿ ನರ್ಸ್. ರೋಗಿಯೊಬ್ಬರು ಗಾಯ ಮಾಡಿಕೊಂಡರೆ ಮರುದಿನವೇ ಮೀಟಿಂಗ್. ‘ಡ್ಯೂಟಿಯಲ್ಲಿ ಯಾರಿದ್ದರು?’ ಅನ್ನುವುದೇ ಮೊದಲ ಮಾತು, ಕೊನೆಗೆ ಹೊಸದೊಂದು ಫಾರ್ಮ್. ಕೆಲವು ತಿಂಗಳಲ್ಲಿ ಮತ್ತೆ ಅಂಥದ್ದೇ ಘಟನೆ. ಈಗ ‘ಮನಬಿಚ್ಚಿ ಮಾತಾಡೋಣ’ ಅಂತ ವಾರಕ್ಕೊಂದು ಗಂಟೆ ಇಟ್ಟಿದ್ದಾರೆ. ಅಲ್ಲಿ ಯಾರೂ ಬಾಯೇ ಬಿಡುವುದಿಲ್ಲ. ಏನು ಮಾಡುವುದು?

ಉತ್ತರ: ಆ ಒಂದು ಗಂಟೆ ಎದುರಿಗೆ ಕೂತಿರುವವರು ಯಾರು? ನಿಮ್ಮ ರಜೆ, ಬಡ್ತಿ, ವರ್ಷದ ವರದಿ ಯಾರ ಕೈಯಲ್ಲಿದೆಯೋ ಅವರೇ ಕೂತು ‘ಮನಸ್ಸು ಬಿಚ್ಚಿ’ ಅಂದರೆ ಯಾರು ಬಿಚ್ಚುತ್ತಾರೆ ಹೇಳಿ? ನಡೆಸುವವರು ವಾರ್ಡಿನ ಹೊರಗಿನವರಾಗಿರಲಿ. ಅಲ್ಲಿ ಆಡಿದ ಮಾತು ವಿಚಾರಣೆಯ ಫೈಲಿಗೆ ಹೋಗುವುದಿಲ್ಲ ಅಂತ ಮೊದಲೇ ಖಚಿತವಾಗಲಿ. (ರೋಗಿಯ ಜೀವಕ್ಕೆ ಅಪಾಯವಿರುವ ವಿಷಯ ಬೇರೆ, ಅದನ್ನು ಮುಚ್ಚಿಡುವಂತಿಲ್ಲ.)

ಇನ್ನು ಫಾರ್ಮು. 15 ನಿಮಿಷಕ್ಕೊಮ್ಮೆ ರೋಗಿಯನ್ನು ನೋಡಿ ಟಿಕ್ ಹಾಕುವ ಚಾರ್ಟ್ ಇರುತ್ತದಲ್ಲ, ಅದರಲ್ಲಿ ಬೆಳಗಿನ ಜಾವ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಮೇಲಿಂದ ಕೆಳಗೆ ಬಿದ್ದ ಟಿಕ್ಕುಗಳನ್ನು ನೀವೂ ನೋಡಿರುತ್ತೀರಿ. ಮೀಟಿಂಗ್ ಏನು ಹೇಳುತ್ತದೆ? ಇನ್ನು 10 ನಿಮಿಷಕ್ಕೊಮ್ಮೆ ಹಾಕಿ! ರಾತ್ರಿ ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದರಾ, ಆ ರೋಗಿಯ ಜೊತೆ ಅವತ್ತು ಯಾರಾದರೂ ಕೂತು ಮಾತಾಡಿದ್ದರಾ ಅಂತ ಕೇಳುವವರಿಲ್ಲ. ತಪ್ಪು ತಿದ್ದುವುದು ಬೇರೆ, ತಪ್ಪಿಗೆ ದಾರಿ ಮಾಡಿಕೊಟ್ಟ ಪದ್ಧತಿಯನ್ನೇ ಪ್ರಶ್ನಿಸುವುದು ಬೇರೆ ಅಂತ, ಸಂಸ್ಥೆಗಳು ಹೇಗೆ ಕಲಿಯುತ್ತವೆ ಅಂತ ಅಧ್ಯಯನ ಮಾಡಿದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ 1970ರ ದಶಕದಲ್ಲೇ ಹೇಳಿದ್ದರು. ಸಂಸ್ಥೆಗಳಿಗೆ ಮೊದಲನೆಯದೇ ಇಷ್ಟ, ಖರ್ಚು ಕಡಿಮೆ ನೋಡಿ.

ಆದರೆ ಎಲ್ಲವನ್ನೂ ಮೇಲಿನವರ ತಲೆಗೆ ಕಟ್ಟಬೇಡಿ. ಫಾರ್ಮ್ ತುಂಬುವಷ್ಟು ಹೊತ್ತು ನಾವು ರೋಗಿಯ ಸಂಕಟದಿಂದ ದೂರ ಇರುತ್ತೇವೆ, ಅದು ನಮಗೂ ಸುಲಭವೇ ಅಲ್ವಾ? 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ನರ್ಸ್‌ಗಳನ್ನು ಗಮನಿಸಿದ ಮನೋವಿಶ್ಲೇಷಕಿ ಇಸಬೆಲ್ ಮೆನ್ಜೀಸ್ ಕಂಡದ್ದೂ ಇದನ್ನೇ. ಯಾವ ನರ್ಸೂ ಒಬ್ಬ ರೋಗಿಗೆ ಹತ್ತಿರವಾಗದಂತೆ ಅಲ್ಲಿ ಕೆಲಸವನ್ನು ಚೂರು ಚೂರು ಮಾಡಿ ಹಂಚಿದ್ದರು, ಆತಂಕ ತಾಗದಿರಲಿ ಅಂತ.

ಇನ್ನೊಂದು ವಿಷಯ. ಜನ ಬಾಯಿಬಿಡಲು ಶುರು ಮಾಡಿದರೆ ದಾಖಲಾಗುವ ತಪ್ಪುಗಳು ಜಾಸ್ತಿ ಆಗಬಹುದು. ಗಾಬರಿ ಬೇಡ ಅಂತ ಮೇಲಿನವರಿಗೆ ಈಗಲೇ ಹೇಳಿಡಿ. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ವರದಿಯಾಗಿದ್ದನ್ನು ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲೇ ಕಂಡಿದ್ದರು. ಆ ತಂಡದವರು ಮುಚ್ಚಿಡುತ್ತಿರಲಿಲ್ಲ, ಅಷ್ಟೇ.

ಮುಂದಿನ ವಾರ ದೊಡ್ಡ ಘಟನೆ ಯಾವುದನ್ನೂ ಎತ್ತಿಕೊಳ್ಳಬೇಡಿ. ರಾತ್ರಿ ಪಾಳಿಯವರಿಗೂ ಬರಲಾಗುವ ಹೊತ್ತು ನೋಡಿ ಕೂತು, ‘ಈ ವಾರ ಯಾವ ರೋಗಿಯ ಹತ್ತಿರ ಹೋಗಲು ನಿಮಗೆ ಮನಸ್ಸಾಗಲಿಲ್ಲ?’ ಅಂತ ಕೇಳಿ. ಮೊದಲ ಉತ್ತರ ಎಲ್ಲರಿಗಿಂತ ಸೀನಿಯರ್ ಆದವರದ್ದಾಗಿರಲಿ.