ಮೂತ್ರದಲ್ಲಿ ಪ್ರೋಟೀನ್: ಒಂದು ಪ್ಲಸ್‌ಗೆ ಎಷ್ಟು ಅರ್ಥ?

ಪ್ರಶ್ನೆ: ನನಗೆ 28 ವರ್ಷ. ಇದು ಚೊಚ್ಚಲ ಗರ್ಭ, ಈಗ 31ನೇ ವಾರ. ಕಳೆದ ತಪಾಸಣೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ ‘ಒಂದು ಪ್ಲಸ್’ ಎಂದು ಬಂದಿದೆ. ರಕ್ತದೊತ್ತಡ 126/80 ಇತ್ತು. ಸಂಜೆಯಾದರೆ ಪಾದಗಳು ಊದಿಕೊಳ್ಳುತ್ತವೆ. ವಾರ ಬಿಟ್ಟು ಮತ್ತೆ ಬರಲು ವೈದ್ಯರು ಹೇಳಿದ್ದಾರೆ. ಇದು ಪ್ರಿಎಕ್ಲಾಂಪ್ಸಿಯಾದ ಆರಂಭವೇ? ಪ್ರೋಟೀನ್ ಇರುವ ಆಹಾರವನ್ನೂ ಉಪ್ಪನ್ನೂ ಬಿಡಬೇಕೇ?

ಉತ್ತರ: ನೀವು ಬರೆದಿರುವ ವಿವರಗಳಷ್ಟರಿಂದಲೇ ಇದನ್ನು ಪ್ರಿಎಕ್ಲಾಂಪ್ಸಿಯಾ ಎನ್ನಲಾಗದು. ಗರ್ಭ ನಿಂತು 20 ವಾರ ಕಳೆದ ಮೇಲೆ, ಕನಿಷ್ಠ ನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಬಾರಿ ಅಳೆದಾಗಲೂ ರಕ್ತದೊತ್ತಡದ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90ನ್ನು ಮುಟ್ಟಿದ್ದು, ಅದರೊಡನೆ ಮೂತ್ರದಲ್ಲಿ ಪ್ರೋಟೀನ್ ಆಗಲಿ ಬೇರೆ ಅಂಗಗಳಿಗೆ ಪೆಟ್ಟು ಬಿದ್ದ ಗುರುತಾಗಲಿ ಕಂಡಾಗ ಆ ಹೆಸರು ಸಲ್ಲುತ್ತದೆ. ನಿಮ್ಮ ರಕ್ತದೊತ್ತಡ ಸದ್ಯಕ್ಕೆ ಆ ಮಟ್ಟಕ್ಕಿಂತ ಕೆಳಗಿದೆ.

ಇನ್ನು ಆ ಒಂದು ಪ್ಲಸ್ ವಿಚಾರ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿಯು ಪ್ರೋಟೀನ್ ಎಷ್ಟು ಗಟ್ಟಿಯಾಗಿ ಬೆರೆತಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು, ದಿನವೊಂದಕ್ಕೆ ಒಟ್ಟು ಎಷ್ಟು ಸೋರಿಹೋಗುತ್ತಿದೆ ಎಂಬುದನ್ನಲ್ಲ. ಒಂದು ಪ್ಲಸ್ ಎಂದರೆ ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ. ನೀರು ಕಡಿಮೆ ಕುಡಿದು ಮೂತ್ರ ಗಾಢವಾಗಿದ್ದರೆ, ಜ್ವರವಿದ್ದರೆ, ಮೂತ್ರನಾಳದಲ್ಲಿ ಸೋಂಕಿದ್ದರೆ ಅಥವಾ ಮಾದರಿಯಲ್ಲಿ ಬಿಳಿಸ್ರಾವ ಬೆರೆತಿದ್ದರೆ ಕೂಡ ಇಷ್ಟು ಬಣ್ಣ ಬರಬಹುದು. ಆದ್ದರಿಂದ ಮುಂದಿನ ಬಾರಿ ಮೊದಲ ಧಾರೆಯನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿದು ಕೊಡಿ. ಆಗಲೂ ಪ್ರೋಟೀನ್ ಕಂಡರೆ, ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ಗಳ (ಮೂತ್ರಪಿಂಡಗಳು ಹೊರಹಾಕುವ ಒಂದು ತ್ಯಾಜ್ಯ) ಅನುಪಾತವನ್ನು ಅಳೆಸುವುದು ಸರಿಯಾದ ಹೆಜ್ಜೆ. ಎರಡನ್ನೂ ಮಿಲಿಗ್ರಾಂನಲ್ಲಿ ಲೆಕ್ಕ ಹಾಕಿದಾಗ ಅದು 0.3ನ್ನು ಮುಟ್ಟಿದರೆ, ಅಥವಾ 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಿ 300 ಮಿಲಿಗ್ರಾಂ ಇದ್ದರೆ, ಸೋರಿಕೆ ನಿಜವೆಂದು ತಿಳಿಯಬೇಕು. ಗರ್ಭಿಣಿಯ ಮೂತ್ರಪಿಂಡಗಳು ಎಂದಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ರಕ್ತವನ್ನು ಸೋಸುವುದರಿಂದ ಅದಕ್ಕಿಂತ ಕಡಿಮೆ ಪ್ರಮಾಣ ಸಹಜವೇ ಆಗಿರುತ್ತದೆ.

ಹಾಗೆಂದು ವಾರದ ತಪಾಸಣೆಯನ್ನು ತಪ್ಪಿಸಬೇಡಿ. ರಕ್ತದೊತ್ತಡ ಏರುವ ಮೊದಲೇ ಪ್ರೋಟೀನ್ ಕಾಣಿಸಿಕೊಳ್ಳುವವರೂ ಇದ್ದಾರೆ, ಚೊಚ್ಚಲ ಗರ್ಭವೂ ಈ ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುವ ಅಂಶಗಳಲ್ಲೊಂದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇದರ ವಿರುದ್ಧದ ತಪ್ಪು: ಪಟ್ಟಿಯಲ್ಲಿ ಪ್ರೋಟೀನ್ ಇಲ್ಲವೆಂದು ನೆಮ್ಮದಿಯಿಂದ ಮನೆಯಲ್ಲೇ ಉಳಿಯುವುದು. ಪ್ರೋಟೀನ್ ಇಲ್ಲದೆಯೂ ಪ್ರಿಎಕ್ಲಾಂಪ್ಸಿಯಾ ಬರಬಹುದು. ಏರಿದ ರಕ್ತದೊತ್ತಡದ ಜೊತೆಗೆ ಪ್ಲೇಟ್‌ಲೆಟ್‌ಗಳು ಒಂದು ಲಕ್ಷಕ್ಕಿಂತ ಕೆಳಗಿಳಿದರೆ, ಯಕೃತ್ತಿನ ಕಿಣ್ವಗಳು ಸಹಜ ಮಟ್ಟದ ಎರಡು ಪಟ್ಟಾದರೆ ಅಥವಾ ರಕ್ತದಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 1.1 ಮಿಲಿಗ್ರಾಂ ದಾಟಿದರೆ, ಮೂತ್ರ ಶುದ್ಧವಾಗಿದ್ದರೂ ಕಾಯಿಲೆ ಇದೆಯೆಂದೇ ಅರ್ಥ. ಔಷಧಕ್ಕೆ ಇಳಿಯದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಉಸಿರಾಟದ ತೊಂದರೆ, ಮುಖ ಮತ್ತು ಕೈಗಳಲ್ಲಿ ಇದ್ದಕ್ಕಿದ್ದಂತೆ ಊತ, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡ 160/110 ಮುಟ್ಟಿದರೆ ಅದು ತುರ್ತುಸ್ಥಿತಿ. ಸಂಜೆಯ ಪಾದದ ಊತ ಮಾತ್ರ ಗರ್ಭಿಣಿಯರಲ್ಲಿ ಬಹಳ ಸಾಮಾನ್ಯ.

ಪ್ರೋಟೀನ್ ಇರುವ ಆಹಾರವನ್ನು ಬಿಡಬೇಡಿ. ಮೂತ್ರಕ್ಕೆ ಬರುವ ಪ್ರೋಟೀನ್ ನೀವು ಉಂಡದ್ದರಿಂದ ಬಂದದ್ದಲ್ಲ. ಪ್ರಿಎಕ್ಲಾಂಪ್ಸಿಯಾದಲ್ಲಿ ಆಗುವುದು ಹೀಗೆ: ಗರ್ಭದ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ರಕ್ತನಾಳಗಳು ಮಾಸಿಗೆ ಬೇಕಾದಷ್ಟು ಅಗಲವಾಗದಿದ್ದರೆ, ರಕ್ತ ಸಾಲದ ಮಾಸು ಕೆಲವು ಪದಾರ್ಥಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ಮೈಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ, ಮೂತ್ರಪಿಂಡದ ಸೋಸುಜಾಲವೂ ಅದರಲ್ಲಿ ಸೇರಿರುವುದರಿಂದ ಪ್ರೋಟೀನ್ ಸೋರುತ್ತದೆ. ತಾಯಿ ಇದರಲ್ಲಿ ಮಾಡಿದ ತಪ್ಪು ಯಾವುದೂ ಇಲ್ಲ. ಉಪ್ಪನ್ನು ಪೂರ್ತಿ ಬಿಡುವುದರಿಂದಾಗಲಿ, ದಿನವಿಡೀ ಮಲಗಿರುವುದರಿಂದಾಗಲಿ ಈ ಕಾಯಿಲೆ ತಡೆಯುವುದಿಲ್ಲ.

ಪ್ರಶ್ನೆ: ಪ್ರಿಎಕ್ಲಾಂಪ್ಸಿಯಾ ಇದ್ದುದರಿಂದ 37ನೇ ವಾರದಲ್ಲಿಯೇ ನನಗೆ ಹೆರಿಗೆ ಮಾಡಿಸಿದರು. ಈಗ ನಾಲ್ಕು ದಿನವಾಗಿದೆ, ಆರಾಮವಾಗಿದ್ದೇನೆ. ಮಾಸು ಹೋದರೆ ಕಾಯಿಲೆಯೂ ಹೋಯಿತು ಎನ್ನುತ್ತಾರೆ. ರಕ್ತದೊತ್ತಡದ ಮಾತ್ರೆ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬೇಡಿ. ಕಾಯಿಲೆಯ ಮೂಲ ಹೋಗಿದೆ ಎಂಬುದು ನಿಜ. ಆದರೆ ರಕ್ತನಾಳಗಳು ಚೇತರಿಸಿಕೊಳ್ಳಲು ದಿನಗಳೂ ವಾರಗಳೂ ಬೇಕು. ಹೆರಿಗೆಯ ನಂತರ ಮೂರರಿಂದ ಆರನೇ ದಿನದವರೆಗೆ ರಕ್ತದೊತ್ತಡ ಮತ್ತೆ ಏರುವುದುಂಟು, ಅಂದರೆ ನೀವಿರುವುದು ಸರಿಯಾಗಿ ಆ ದಿನಗಳಲ್ಲಿಯೇ. ಈ ಕಾಯಿಲೆ ಉಲ್ಬಣಿಸಿದಾಗ ಬರುವ ಫಿಟ್ಸ್, ಅಂದರೆ ಎಕ್ಲಾಂಪ್ಸಿಯಾ ಕೂಡ ಬಾಣಂತನದಲ್ಲಿ ಬರಬಹುದು. ಮಾತ್ರೆಯ ಪ್ರಮಾಣವನ್ನು ವೈದ್ಯರೇ ಅಳೆದು ನೋಡಿ ಇಳಿಸಲಿ. ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ಮೇಲೆ ಹೇಳಿದ ತಲೆನೋವು, ಕಣ್ಣಿನ ಲಕ್ಷಣಗಳು ಮತ್ತು ಉಸಿರಾಟದ ತೊಂದರೆಯ ಎಚ್ಚರಿಕೆ ನಿಮಗೂ ಅನ್ವಯಿಸುತ್ತದೆ.

ಮೂರು ತಿಂಗಳ ನಂತರವೂ ಮೂತ್ರದಲ್ಲಿ ಪ್ರೋಟೀನ್ ಉಳಿದಿದ್ದರೆ ಮೂತ್ರಪಿಂಡ ತಜ್ಞರನ್ನು ಕಾಣಬೇಕು, ಏಕೆಂದರೆ ಗರ್ಭಕ್ಕೆ ಮೊದಲೇ ಇದ್ದ ಮೂತ್ರಪಿಂಡದ ಕಾಯಿಲೆ ಹೀಗೆ ಬೆಳಕಿಗೆ ಬರುತ್ತದೆ. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದಿನ ವರ್ಷಗಳಲ್ಲಿ ಅಧಿಕ ರಕ್ತದೊತ್ತಡ ಮತ್ತು ಹೃದ್ರೋಗದ ಸಾಧ್ಯತೆ ಹೆಚ್ಚಿರುವುದರಿಂದ, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ನೋಡಿಸಿಕೊಳ್ಳಿ. ಮತ್ತೆ ಗರ್ಭಿಣಿಯಾದರೆ ಮೊದಲ ಭೇಟಿಯಲ್ಲಿಯೇ ಈ ವಿಷಯ ತಿಳಿಸಿ: ಕಡಿಮೆ ಪ್ರಮಾಣದ ಆಸ್ಪಿರಿನ್ ಈ ಕಾಯಿಲೆ ಮರುಕಳಿಸುವ ಸಾಧ್ಯತೆಯನ್ನು ತಗ್ಗಿಸುತ್ತದೆ, ಆದರೆ ಅದನ್ನು ವೈದ್ಯರ ಸಲಹೆಯಂತೆ 12ನೇ ವಾರದ ಸುಮಾರಿಗೆ, 16 ವಾರ ತುಂಬುವ ಮೊದಲೇ ಆರಂಭಿಸಬೇಕಾಗುತ್ತದೆ.