ಈಸ್‌ಮೆಂಟ್‌ಗೆ ಸಹಿ ಹಾಕಿದರೆ ಜಮೀನು ಕೈತಪ್ಪುತ್ತದಾ?

ಅಮೆರಿಕದಲ್ಲಿರುವ ನಿಮ್ಮ ಹೊಲ, ಕಾಡಿಗೆ ಅಲ್ಲಿನ ಲ್ಯಾಂಡ್ ಟ್ರಸ್ಟ್ (ಜಮೀನು ಕಾಪಾಡುವ ಸಂಸ್ಥೆ) ಜೊತೆ ಕನ್ಸರ್ವೇಶನ್ ಈಸ್‌ಮೆಂಟ್, ಅಂದರೆ ಜಮೀನಿನ ಬಳಕೆಗೆ ಮಿತಿ ಹಾಕುವ ಒಪ್ಪಂದ, ಮಾಡಿಕೊಂಡರೆ ಜಮೀನು ಕೈತಪ್ಪುತ್ತದಾ, ಮಕ್ಕಳು ಮಾರಬಹುದಾ ಅಂತ ಕೇಳಿದ್ದೀರಿ.

ಕೈತಪ್ಪುವುದಿಲ್ಲ. ಜಮೀನು ನಿಮ್ಮ ಹೆಸರಲ್ಲೇ ಇರುತ್ತದೆ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ನೀವು ಬಿಟ್ಟುಕೊಡುವುದು ತುಂಡು ಮಾಡಿ ಸೈಟು ಮಾರುವ, ಕಟ್ಟಡ ಎಬ್ಬಿಸುವಂಥ ಹಕ್ಕುಗಳನ್ನು. ಆದರೆ ಅದು ಶಾಶ್ವತ, ನಾಳೆ ಕೊಂಡವರಿಗೂ ಅದೇ ಷರತ್ತು. ಮಗಳಿಗೊಂದು ಮನೆ ಕಟ್ಟುವ ಆಸೆ ಇದ್ದರೆ ಆ ಜಾಗವನ್ನು ಪತ್ರದಲ್ಲಿ ಈಗಲೇ ಬರೆಸಿಬಿಡಿ. ಆಮೇಲೆ ಸೇರಿಸುವುದು ತುಂಬಾ ಕಷ್ಟ.

ನಾನು ಅಮೆರಿಕದ ಇಂಥದ್ದೇ ಒಂದು ಟ್ರಸ್ಟ್‌ಗಾಗಿ ವರ್ಷಕ್ಕೊಮ್ಮೆ ಇಂಥ ಜಮೀನಿನ ಗಡಿ ಸುತ್ತುತ್ತೇನೆ. ಕೈಯಲ್ಲಿ ಸಹಿಯಾದ ಕಾಲದ ನಕ್ಷೆ, ಫೋಟೋಗಳಿರುತ್ತವೆ. ಹೋದ ಸಲ ಒಂದು ಮೇಪಲ್ ಮರ ಹಳೇ ಮುಳ್ಳುತಂತಿಯನ್ನು ಅರ್ಧ ನುಂಗಿ ನಿಂತಿತ್ತು. ಅದರ ಬುಡದಲ್ಲಿ ಯಾರೋ ಸುರಿದ ಹಳೇ ಟೈರುಗಳು. ಫೋಟೋದಲ್ಲಿ ಅವು ಇರಲಿಲ್ಲ. ಮಾಲೀಕರಿಗೇ ಗೊತ್ತಿರಲಿಲ್ಲ ಪಾಪ, ಸೇರಿ ತೆಗೆಸಿದೆವು. ಸುಮ್ನೆ ಕಾಗದಕ್ಕೆ ಸಹಿ ಹಾಕಿದರೆ ಜಾಗ ಉಳಿಯುವುದಿಲ್ಲ, ಹೀಗೆ ಯಾರಾದರೂ ನಡೆದು ನೋಡಬೇಕು ಅಲ್ವಾ?

ಈಸ್‌ಮೆಂಟನ್ನು ದಾನವಾಗಿ ಕೊಟ್ಟರೆ, ನಿಯಮಗಳಿಗೆ ಹೊಂದಿದರೆ, ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆ ಲೆಕ್ಕದಲ್ಲಿ ಅದರ ಬೆಲೆಯನ್ನು ನಿಮ್ಮ ಆದಾಯದಿಂದ ಕಳೆಯಬಹುದು. ವರ್ಷಕ್ಕೆ ಆದಾಯದ ಶೇ. 50ರವರೆಗೆ, ಉಳಿದದ್ದನ್ನು ಮುಂದಿನ 15 ವರ್ಷ ಬಳಸಬಹುದು. ಸಹಿಗೆ ಮುಂಚೆ ನಿಮ್ಮದೇ ವಕೀಲರಿಗೆ ತೋರಿಸಿ. ಗಡಿ ನೋಡಲು ಪ್ರತಿ ವರ್ಷ ಯಾರು ಬರುತ್ತಾರೆ, ಅದಕ್ಕೆ ಹಣ ಎತ್ತಿಟ್ಟಿದ್ದೀರಾ ಅಂತ ಟ್ರಸ್ಟ್‌ನವರನ್ನು ತಪ್ಪದೇ ಕೇಳಿ.